ಆಶ್‌ಕಾಶ್‌ನ ಆಕಾಶದಲ್ಲಿ ಮಗುಚುವ ರೆಕ್ಕೆಗಳು

ಮಿಲ್ವಾಕಿ ನಗರದಿಂದ ವಾಯವ್ಯ ದಿಕ್ಕಿಗೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಆಶ್‌ಕಾಶ್ ಸಿಗುತ್ತದೆ. ವಿನ್ನೆಬಾಗೊ ಸರೋವರದ ಪಡುವಣ ದಂಡೆಯ ಊರು. ದಾರಿಯುದ್ದಕ್ಕೂ ಮೆಕ್ಕೆಜೋಳದ ಹೊಲ, ಕೆಂಪು ಬಳಿದ ದನದ ಕೊಟ್ಟಿಗೆ, ಮೇವು ತುಂಬಿಡುವ ಎತ್ತರದ ಗೋಪುರ. ಹಾಲಿಗೂ ಚೀಸಿಗೂ ಹೆಸರಾದ ವಿಸ್ಕಾನ್ಸಿನ್ ರಾಜ್ಯದ ಈ ಸೀಮೆ ವರ್ಷವೆಲ್ಲ ತನ್ನ ಪಾಡಿಗೆ ಬೇಸಾಯ ಮಾಡಿಕೊಂಡಿರುತ್ತದೆ. ಜುಲೈ ಕೊನೆಯಲ್ಲಿ ಒಂದು ವಾರ ಮಾತ್ರ ಇಲ್ಲಿನ ವಿಟ್‌ಮನ್ ವಿಮಾನ ನಿಲ್ದಾಣದ ಕಂಟ್ರೋಲ್ ಟವರ್‌ಗೆ ಜಗತ್ತಿನ ಯಾವ ಟವರ್‌ಗೂ ಇಲ್ಲದಷ್ಟು ಕೆಲಸ. ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಈ ಪ್ರದೇಶಕ್ಕೆ ಬಂದಿಳಿಯುತ್ತವೆ. ಅವುಗಳಲ್ಲಿ ಬಹುಪಾಲು ಇಬ್ಬರೋ ನಾಲ್ವರೋ ಕೂರುವ ಸಣ್ಣ ವಿಮಾನಗಳು. ಎಷ್ಟೋ ವಿಮಾನಗಳನ್ನು ಹಾರಿಸಿಕೊಂಡು ಬಂದವರೇ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ್ದಾರೆ.

ಈ ಜಾತ್ರೆಯ ಹಿಂದಿರುವುದು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. 1953ರಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಅವರ ಗೆಳೆಯರು ಮಿಲ್ವಾಕಿಯಲ್ಲಿ ಕಟ್ಟಿದ ಸಂಘ. ಸ್ವಂತ ಕೈಯಿಂದ ವಿಮಾನ ಕಟ್ಟುವವರು ವರ್ಷಕ್ಕೊಮ್ಮೆ ಕಲೆಯೋಣ ಎಂದು ಶುರುವಾದದ್ದು 1970ರಿಂದ ಆಶ್‌ಕಾಶ್‌ನಲ್ಲಿ ನೆಲೆ ನಿಂತಿದೆ. ಈಗ ಇದರ ಹೆಸರು ಏರ್‌ವೆಂಚರ್.

ನಮ್ಮ ಭಾವ ಮಿಲ್ವಾಕಿಯಲ್ಲಿದ್ದಾರೆ. ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ಪಡೆದವರು, ಅದರ ಮೇಲೆ ಕಸರತ್ತಿನ ಹಾರಾಟದ ಪಾಠವನ್ನೂ ಗುರುವಿನಿಂದ ಹೇಳಿಸಿಕೊಂಡವರು. ಅವರು ನನ್ನನ್ನು ನೇರವಾಗಿ ನಿಲ್ದಾಣಕ್ಕೆ ಕರೆದೊಯ್ಯಲಿಲ್ಲ. ಮೊದಲು ಫಿಸ್ಕ್ ಎಂಬ ಪುಟ್ಟ ಹಳ್ಳಿಯ ಹತ್ತಿರ ಕಾರು ನಿಲ್ಲಿಸಿದರು. ಆಶ್‌ಕಾಶ್‌ಗೆ ಬರುವ ಸಣ್ಣ ವಿಮಾನಗಳೆಲ್ಲ ರಿಪನ್ ಎಂಬ ಊರಿನಿಂದ ರೈಲು ಹಳಿಯ ಗುರುತು ಹಿಡಿದು, ಒಂದರ ಹಿಂದೊಂದು, 90 ನಾಟ್ ವೇಗದಲ್ಲಿ ಈ ಹಳ್ಳಿಯ ಮೇಲೆ ಹಾದು ಹೋಗಬೇಕು. ಕೆಳಗೆ ಗುಲಾಬಿ ಅಂಗಿ ತೊಟ್ಟ ಕಂಟ್ರೋಲರ್‌ಗಳು ದುರ್ಬೀನು ಹಿಡಿದು ಕೂತಿರುತ್ತಾರೆ. ಅಷ್ಟು ವಿಮಾನಗಳು ರೇಡಿಯೋದಲ್ಲಿ ಒಟ್ಟಿಗೆ ಮಾತಾಡತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸದು. ಆದ್ದರಿಂದ ಮಾತೆಲ್ಲ ಕೆಳಗಿನವರದು, ಮೇಲಿನವರು ಮೌನ. ನೀಲಿ ಬಣ್ಣದ ವಿಮಾನವೇ, ರೆಕ್ಕೆ ಅಲ್ಲಾಡಿಸು ಎಂದು ಕಂಟ್ರೋಲರ್ ಹೇಳುತ್ತಾರೆ. ಆ ವಿಮಾನ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ. ಕೇಳಿಸಿತು, ಹೇಳಿದಂತೆ ಮಾಡುತ್ತೇನೆ ಎಂದರ್ಥ.

"ಅದನ್ನ ಸರಿಯಾಗಿ ನೋಡ್ಕೋ," ಎಂದರು ಭಾವ. "ಮಧ್ಯಾಹ್ನ ನೀನು ನೋಡೋದೆಲ್ಲ ಇದರಿಂದಲೇ ಶುರುವಾಗೋದು. ಅವನು ಈಗ ವಾಲಿಸಿ ವಾಪಸ್ ತಂದ. ವಾಪಸ್ ತರದೆ ಹಾಗೇ ಬಿಟ್ಟಿದ್ರೆ ರೋಲ್ ಆಗ್ತಿತ್ತು."

ವಾಲುವುದು ಹೇಗೆ ಎಂಬುದನ್ನು ಅವರು ನಿಲ್ದಾಣದ ಹುಲ್ಲಿನ ಮೇಲೆ ನಿಂತಿದ್ದ ಒಂದು ಪಿಟ್ಸ್ ಸ್ಪೆಷಲ್ ವಿಮಾನದ ಮುಂದೆ ಮಂಡಿಯೂರಿ ತೋರಿಸಿದರು. ಕರ್ಟಿಸ್ ಪಿಟ್ಸ್ 1940ರ ದಶಕದಲ್ಲಿ ರೂಪಿಸಿದ ಈ ಜೋಡಿ ರೆಕ್ಕೆಯ ವಿಮಾನ ಎಷ್ಟು ಚಿಕ್ಕದೆಂದರೆ, ಒಬ್ಬರೇ ಕೂರುವ ಮಾದರಿಯಲ್ಲಿ ರೆಕ್ಕೆಯ ಈ ತುದಿಯಿಂದ ಆ ತುದಿಗೆ 17 ಅಡಿ ಚಿಲ್ಲರೆ. ಪೈಲಟ್ ಅದರೊಳಗೆ ಕೂರುತ್ತಾನೆ ಅನ್ನುವುದಕ್ಕಿಂತ ಅದನ್ನು ತೊಟ್ಟುಕೊಳ್ಳುತ್ತಾನೆ ಅನ್ನುವುದೇ ಸರಿ. ರೆಕ್ಕೆಯ ಹಿಂಬದಿ ಅಂಚಿನಲ್ಲಿ ಕೀಲಿನ ಮೇಲೆ ಆಡುವ ಉದ್ದನೆಯ ಹಲಗೆಯೇ ಏಲರಾನ್. ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಕ್ಕನ್ನು ಎಡಕ್ಕೆ ಒತ್ತಿದರೆ ಎಡ ರೆಕ್ಕೆಯ ಏಲರಾನ್ ಮೇಲೇಳುತ್ತದೆ, ಬಲ ರೆಕ್ಕೆಯದು ಕೆಳಗಿಳಿಯುತ್ತದೆ. ಎಡಗಡೆ ಗಾಳಿಯ ಎತ್ತುವಿಕೆ ತಗ್ಗುತ್ತದೆ, ಬಲಗಡೆ ಹೆಚ್ಚುತ್ತದೆ, ವಿಮಾನ ಎಡಕ್ಕೆ ಮಗುಚುತ್ತದೆ. ತತ್ತ್ವ ಇಷ್ಟೇ. ಆದರೆ ಇದು ಪುಕ್ಕಟೆಯಾಗಿ ಆಗುವುದಿಲ್ಲ. ಹೆಚ್ಚು ಎತ್ತುವ ರೆಕ್ಕೆಯನ್ನು ಗಾಳಿ ಹೆಚ್ಚು ಹಿಂದಕ್ಕೆಳೆಯುತ್ತದೆ. ಹೀಗಾಗಿ ವಿಮಾನ ಎಡಕ್ಕೆ ಮಗುಚತೊಡಗಿದಾಗ ಮೂತಿ ಬಲಕ್ಕೆ ತಿರುಗಲು ನೋಡುತ್ತದೆ. ಅದನ್ನು ಕಾಲಿನಿಂದ ಒತ್ತುವ ರಡ್ಡರ್ ಸರಿಪಡಿಸಬೇಕು. ಕೈ ಒಂದನ್ನು ಮಾಡುವಾಗ ಕಾಲು ಅದರ ತಪ್ಪನ್ನು ತಿದ್ದುತ್ತಿರಬೇಕು.

ಇಂಥ ವಿಮಾನವನ್ನು ಹತ್ತಿರದಿಂದ ನೋಡಿದಾಗ ಪ್ರತಿಯೊಂದು ಅಂಗವೂ ತಲೆಕೆಳಗಾಗಲು ತಯಾರಾಗಿರುವುದು ಕಾಣುತ್ತದೆ. ಸಾಧಾರಣ ಸಣ್ಣ ವಿಮಾನದ ರೆಕ್ಕೆಗೆ ಮೇಲ್ಭಾಗದಲ್ಲಿ ಹೆಚ್ಚು ಉಬ್ಬು. ಕಸರತ್ತಿನ ವಿಮಾನಗಳ ರೆಕ್ಕೆ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಉಬ್ಬಿರುತ್ತದೆ, ಬೋರಲಾದರೂ ನೆಟ್ಟಗಿದ್ದಷ್ಟೇ ಚೆನ್ನಾಗಿ ಹಾರಲೆಂದು. ಏಲರಾನ್‌ನ ಅಡಿಯಲ್ಲಿ ಒಂದು ಸಲಾಕೆಯ ತುದಿಗೆ ಅಂಗೈಯಗಲದ ಚಪ್ಪಟೆ ತಗಡು ಮುಂದಕ್ಕೆ ಚಾಚಿಕೊಂಡಿತ್ತು. ಏಲರಾನ್ ಆಡಿದಾಗ ಈ ತಗಡಿಗೆ ಬಡಿಯುವ ಗಾಳಿಯೇ ಪೈಲಟ್‌ನ ಕೈಗೆ ಆಸರೆಯಾಗಿ ಸ್ಟಿಕ್ಕಿನ ಭಾರ ಇಳಿಸುತ್ತದಂತೆ. ಪೆಟ್ರೋಲ್ ಟ್ಯಾಂಕಿನೊಳಗೆ ತುದಿಗೆ ಭಾರ ಕಟ್ಟಿದ ಬಳುಕುವ ಕೊಳವೆ ಇರುತ್ತದೆ. ವಿಮಾನ ಬೋರಲಾದಾಗ ಪೆಟ್ರೋಲ್ ಯಾವ ಕಡೆಗೆ ಹೋಗುತ್ತದೋ ಕೊಳವೆಯ ಬಾಯಿಯೂ ಅದೇ ಕಡೆಗೆ ಬೀಳುತ್ತದೆ. ಎಂಜಿನ್ ಬಾಯಾರುವುದಿಲ್ಲ. ಅಲ್ಲೇ ಪಕ್ಕದಲ್ಲಿದ್ದ ಇನ್ನೊಂದು ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಸಣ್ಣ ಸಲಾಕೆಗಳಿಂದ ಬೆಸೆದ ತ್ರಿಕೋನದ ಚೌಕಟ್ಟಿತ್ತು. ಅದನ್ನು ದಿಗಂತಕ್ಕೆ ಹೊಂದಿಸಿ ನೋಡಿ, ತಾನು ನೆಟ್ಟಗೆ ಏರುತ್ತಿದ್ದೇನೆಯೇ, 45 ಡಿಗ್ರಿಯಲ್ಲಿ ಏರುತ್ತಿದ್ದೇನೆಯೇ ಎಂದು ಪೈಲಟ್ ತಿಳಿದುಕೊಳ್ಳುತ್ತಾನೆ.

ಪ್ರದರ್ಶನಕ್ಕೆ ಇನ್ನೂ ಹೊತ್ತಿತ್ತು. ವಿಮಾನಗಳ ಸಾಲಿನ ಆಚೆ, ಹಾರಾಟದ ಉಡುಪು ತೊಟ್ಟ ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡು ಹುಲ್ಲಿನ ಮೇಲೆ ಹೆಜ್ಜೆ ಹಾಕುತ್ತಿದ್ದರು. ಬಲಗೈ ಚಪ್ಪಟೆಯಾಗಿ ಮುಂದೆ ಚಾಚಿತ್ತು. ನಾಲ್ಕು ಹೆಜ್ಜೆ ನಡೆದು ಅಂಗೈ ಮಗುಚಿದರು, ತಲೆಯನ್ನು ಹಿಂದಕ್ಕೆ ಬಾಗಿಸಿದರು, ಗಿರಕ್ಕನೆ ತಿರುಗಿ ಬಂದ ದಾರಿಯಲ್ಲೇ ಹೊರಟರು, ಅಂಗೈಯನ್ನು ಎರಡು ಸಲ ಸುತ್ತಿಸಿ ಥಟ್ಟನೆ ನಿಲ್ಲಿಸಿದರು. ತಾವು ಹಾರಲಿರುವ ಇಡೀ ಕಸರತ್ತನ್ನು ನೆಲದ ಮೇಲೆ ಮೈಗೆ ನೆನಪಿಸುತ್ತಿದ್ದರು. ಈ ರಂಗದ ಪೈಲಟ್‌ಗಳೆಲ್ಲ ಹಾರುವ ಮುಂಚೆ ಹೀಗೆ ಮಾಡುವುದು ವಾಡಿಕೆ. ಮೇಲೆ ಯೋಚಿಸಲು ಹೊತ್ತಿಲ್ಲ, ಆದ್ದರಿಂದ ಯೋಚನೆಯೆಲ್ಲ ಕೆಳಗೇ ಮುಗಿಯಬೇಕು. ಅವರು ಹಾರುವ ಕ್ರಮವನ್ನು ಬರೆದಿಡಲು ಒಂದು ಲಿಪಿಯೇ ಇದೆ. ಸ್ಪೇನಿನ ಹೋಸೆ ಲೂಯಿಸ್ ಅರೆಸ್ತಿ ಎಂಬ ಪೈಲಟ್ ರೂಪಿಸಿದ್ದು. ವಿಮಾನದ ಹಾದಿ ಒಂದು ಗೆರೆ. ಗೆರೆಗೆ ಅಡ್ಡಲಾಗಿ ಬಾಗಿದ ಬಾಣವಿದ್ದರೆ ರೋಲ್, ತ್ರಿಕೋನವಿದ್ದರೆ ಸ್ನ್ಯಾಪ್ ರೋಲ್. ಆ ಚೀಟಿಯನ್ನು ಕಾಕ್‌ಪಿಟ್ಟಿನಲ್ಲಿ ಕಣ್ಣೆದುರಿಗೇ ಅಂಟಿಸಿಕೊಳ್ಳುತ್ತಾರೆ.

ಮಧ್ಯಾಹ್ನ ಜನ ಮಡಚುವ ಕುರ್ಚಿ ಹಿಡಿದು ರನ್‌ವೇ ಕಡೆಗೆ ಬರತೊಡಗಿದರು. ಅಜ್ಜ, ಮೊಮ್ಮಕ್ಕಳು, ಬೆಣ್ಣೆ ಸವರಿದ ಬೇಯಿಸಿದ ಜೋಳದ ತೆನೆ, ತಲೆಗೆ ಟೋಪಿ. ಮುಖ್ಯ ರನ್‌ವೇ ತೆಂಕು ಬಡಗಾಗಿದೆ, ಜನ ಅದರ ಪಡುವಣಕ್ಕೆ ಕೂರುತ್ತಾರೆ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬಿದ್ದು, ಎದುರಿನ ಆಕಾಶ ಬೆಳಗುತ್ತದೆ. ಜನರು ಕೂರುವ ಗಡಿಯಿಂದ ಅತಿ ಸಣ್ಣ ವಿಮಾನಕ್ಕೂ 500 ಅಡಿಯ ಅಂತರವಿರಬೇಕೆಂದು, ದೊಡ್ಡದಕ್ಕೆ, ವೇಗದ್ದಕ್ಕೆ 1,000 ಮತ್ತು 1,500 ಅಡಿಯೆಂದು ಈ ದೇಶದ ನಿಯಮ. ಪ್ರೇಕ್ಷಕರತ್ತ ಮುಖ ಮಾಡಿ ಯಾವ ಕಸರತ್ತನ್ನೂ ಮಾಡುವಂತಿಲ್ಲ.

ಮೊದಲ ವಿಮಾನ ಬಡಗಣದಿಂದ ಬಿಳಿ ಹೊಗೆ ಬಿಡುತ್ತ ಬಂತು. ಎಂಜಿನ್ನಿನ ಬಿಸಿ ಹೊಗೆಕೊಳವೆಗೆ ಎಣ್ಣೆ ಚಿಮುಕಿಸಿ ಈ ಹೊಗೆ ಎಬ್ಬಿಸುತ್ತಾರೆ. ಅಂದಕ್ಕಾಗಿ ಮಾಡುವ ಆ ಏರ್ಪಾಡೇ ನೋಡುವವನಿಗೆ ದೊಡ್ಡ ಉಪಕಾರ, ಏಕೆಂದರೆ ವಿಮಾನ ಎಲ್ಲಿದೆ ಎಂಬುದನ್ನು ಕಣ್ಣು ಕಾಣುತ್ತದೆ, ಎಲ್ಲೆಲ್ಲಿ ಹಾದುಬಂತು ಎಂಬುದನ್ನು ಹೊಗೆ ಬರೆದಿಡುತ್ತದೆ.

"ರೆಕ್ಕೆ ನೋಡ್ಬೇಡ," ಎಂದರು ಭಾವ. "ರೆಕ್ಕೆ ಎಲ್ಲ ರೋಲಲ್ಲೂ ಸುತ್ತುತ್ತೆ. ಮೂತಿ ಎಲ್ಲಿದೆ ನೋಡು. ಹೊಗೆ ಯಾವ ದಾರಿ ಹಿಡೀತು ನೋಡು. ಹೇಗೆ ಶುರುವಾಯ್ತು, ಹೇಗೆ ನಿಂತಿತು ನೋಡು. ಈ ಮೂರು ಗೊತ್ತಾದ್ರೆ ಹೆಸರು ತಾನಾಗೇ ಗೊತ್ತಾಗುತ್ತೆ."

ವಿಮಾನ ಮೂತಿಯನ್ನು ತುಸು ಮೇಲಕ್ಕೆತ್ತಿತು, ಹಾಗೇ ಪೂರ್ತಿ ಒಂದು ಸುತ್ತು ಮಗುಚಿ ನೇರವಾಯಿತು. ಸುತ್ತು ಮುಗಿಯುವ ಹೊತ್ತಿಗೆ ಮೂತಿ ದಿಗಂತಕ್ಕಿಂತ ಕೊಂಚ ಕೆಳಗಿಳಿದಿತ್ತು. ಹೊಗೆ ಮೆಲ್ಲನೆ ಏರಿ ಇಳಿದ ಬಿಲ್ಲಿನಂತೆ ಬಾಗಿತ್ತು. ಇದು ಏಲರಾನ್ ರೋಲ್. ಕಲಿಯುವವರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು. ಮಗುಚುವಾಗ ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವುದಿಲ್ಲವಾದ್ದರಿಂದ ಮೂತಿ ಇಳಿದೇ ಇಳಿಯುತ್ತದೆ. ಆ ಇಳಿತಕ್ಕೆ ಮುಂಗಡ ಕೊಟ್ಟಂತೆ ಮೊದಲೇ ಮೂತಿ ಎತ್ತಿಟ್ಟಿರುತ್ತಾರೆ. ಎಕ್ಸ್‌ಟ್ರಾ 300ರಂಥ ವಿಮಾನ ಸೆಕೆಂಡಿಗೆ ಸುಮಾರು 400 ಡಿಗ್ರಿ ಮಗುಚಬಲ್ಲದು. ಎಂದರೆ ಒಂದು ಪೂರ್ತಿ ಸುತ್ತಿಗೆ ಒಂದು ಸೆಕೆಂಡೂ ಬೇಡ.

ಎರಡನೆಯ ಸಲ ಅದೇ ವಿಮಾನ ತೆಂಕಣದಿಂದ ಬಂದಾಗ ಹೊಗೆ ಅಡಿಕೋಲಿಟ್ಟು ಎಳೆದ ಗೆರೆಯಂತೆ ನೇರವಾಗಿತ್ತು. ಮೂತಿ ದಿಗಂತದ ಒಂದೇ ಬಿಂದುವಿಗೆ ನೆಟ್ಟಿತ್ತು. ವಿಮಾನ ನಿಧಾನವಾಗಿ, ಅವಸರವೇ ಇಲ್ಲದೆ ಮಗ್ಗುಲಾಯಿತು, ಬೋರಲಾಯಿತು, ಇನ್ನೊಂದು ಮಗ್ಗುಲಿಗೆ ಹೊರಳಿತು, ನೇರವಾಯಿತು. ಪಕ್ಕದ ಕುರ್ಚಿಗಳಲ್ಲಿದ್ದ ಜನ ಚಪ್ಪಾಳೆ ತಟ್ಟಲಿಲ್ಲ. ಆದರೆ ಭಾವ ಎದ್ದು ನಿಂತುಬಿಟ್ಟರು. ಅದು ಸ್ಲೋ ರೋಲ್. ಯಾಕೆ ಎದ್ದು ನಿಂತರೆಂದು ಅವರು ಬಿಡಿಸಿ ಹೇಳಿದ ಮೇಲೆ, ಆ ದಿನ ನೋಡಿದ ಎಲ್ಲಕ್ಕಿಂತ ಆ ಶಾಂತವಾದ ಹೊರಳುವಿಕೆಯೇ ನನಗೆ ದೊಡ್ಡದಾಗಿ ಕಂಡಿತು.

ವಿಮಾನ ಮಗ್ಗುಲಾದಾಗ ರೆಕ್ಕೆಗಳು ಒಂದು ಆಕಾಶದತ್ತ, ಒಂದು ನೆಲದತ್ತ. ಅವು ವಿಮಾನವನ್ನು ಎತ್ತಿಹಿಡಿಯಲಾರವು. ಆಗ ಹೊರುವ ಕೆಲಸ ವಿಮಾನದ ಒಡಲಿನ ಪಕ್ಕೆಗೂ ಮೇಲ್ಮುಖವಾಗಿ ಎಳೆಯುವ ಪ್ರೊಪೆಲ್ಲರ್‌ಗೂ ಬೀಳುತ್ತದೆ. ಮೂತಿಯನ್ನು ಮೇಲೆ ಹಿಡಿಯಬೇಕಾದ್ದು ರಡ್ಡರ್. ನೆಟ್ಟಗಿರುವಾಗ ಎಡಕ್ಕೆ ಬಲಕ್ಕೆ ತಿರುಗಿಸುವ ರಡ್ಡರ್ ಈಗ ಮೇಲಕ್ಕೆ ಕೆಳಕ್ಕೆ ತಿರುಗಿಸುತ್ತದೆ. ನೆಟ್ಟಗಿರುವಾಗ ಮೂತಿಯನ್ನು ಮೇಲಕ್ಕೆ ಕೆಳಕ್ಕೆ ಆಡಿಸುವ ಎಲಿವೇಟರ್ ಈಗ ಎಡ ಬಲ ನೋಡಿಕೊಳ್ಳುತ್ತದೆ. ವಿಮಾನ ಬೋರಲಾಗುತ್ತಿದ್ದಂತೆ ಕೆಲಸ ಮತ್ತೆ ಅದಲುಬದಲು. ಈಗ ಸ್ಟಿಕ್ಕನ್ನು ಎಳೆದರೆ ಮೂತಿ ನೆಲಕ್ಕೆ ಹೋಗುತ್ತದೆ, ಆದ್ದರಿಂದ ಮುಂದಕ್ಕೆ ನೂಕಬೇಕು. ಪೈಲಟ್ ಆಗ ಬೆಲ್ಟಿನಿಂದ ನೇತಾಡುತ್ತಿರುತ್ತಾನೆ, ರಕ್ತವೆಲ್ಲ ತಲೆಗೆ. "ಮೊದಲ ಸಲ ಬೋರಲಾದಾಗ ಕಾಕ್‌ಪಿಟ್ ನೆಲದಲ್ಲಿದ್ದ ಧೂಳು, ಹುಲ್ಲುಕಡ್ಡಿ ಎಲ್ಲ ಕಣ್ಣೆದುರು ತೇಲಿ ಬಂತು," ಎಂದರು ಭಾವ. ಮತ್ತೊಂದು ಕಾಲು ಸುತ್ತಿಗೆ ಇನ್ನೊಂದು ಕಾಲಿನ ಸರದಿ. ಹೀಗೆ ಪ್ರತಿ ಕಾಲು ಸುತ್ತಿಗೂ ಕೈಗೂ ಕಾಲಿಗೂ ಕೆಲಸ ಬದಲಾಗುತ್ತಿರುತ್ತದೆ, ಅದೂ ಬಿಡಿಬಿಡಿಯಾಗಿ ಬದಲಾಗದೆ, ಒಂದರೊಳಗೊಂದು ಕರಗಿಕೊಂಡು. ಕೆಳಗಿನವರಿಗೆ ಏನೂ ಆಗಲಿಲ್ಲ ಅನ್ನಿಸಿದರೆ ಪೈಲಟ್ ಎಲ್ಲವನ್ನೂ ಸರಿಯಾಗಿ ಮಾಡಿದ್ದಾನೆ ಎಂದು ತಿಳಿಯಬೇಕು. ಸ್ಪರ್ಧೆಗಳಲ್ಲಿ ರೋಲ್ ಎಂದರೆ ಈ ನೇರ ಗೆರೆಯದೇ. ಇದೇ ರೋಲನ್ನು ನಾಲ್ಕು ಕಡೆಯೋ ಎಂಟು ಕಡೆಯೋ ಥಟ್ಟಥಟ್ಟನೆ ನಿಲ್ಲಿಸಿ ಮುಂದುವರಿಸಿದರೆ ಪಾಯಿಂಟ್ ರೋಲ್. ಅದನ್ನು ಗುರುತಿಸುವುದು ಸುಲಭ, ಎಣಿಸಿದರೆ ಸಾಕು.

ಆಮೇಲೆ ಬಂದದ್ದು ಬ್ಯಾರೆಲ್ ರೋಲ್. ಮೂತಿ ಒಂದು ಕಡೆಗೆ ಏರುತ್ತ ಹೋಯಿತು, ವಿಮಾನ ಮಗುಚುತ್ತ ಒಂದು ದೊಡ್ಡ ಸುತ್ತಿನ ನೆತ್ತಿಯಲ್ಲಿ ಬೋರಲಾಗಿ, ಆಚೆ ಬದಿಯಿಂದ ಇಳಿದು ಹೊರಟ ಎತ್ತರಕ್ಕೇ ಬಂತು. ಹೊಗೆ ಸುರುಳಿಯಾಗಿ ನಿಂತಿತು. ಮೂತಿ ಎತ್ತಿ ತಲೆಯ ಮೇಲಿಂದ ಪೂರ್ತಿ ಸುತ್ತು ಬರುವ ಲೂಪ್ ಮತ್ತು ರೋಲ್ ಎರಡೂ ಬೆರೆತ ಹಾದಿ ಇದು. ಇಲ್ಲಿ ಪೈಲಟ್ ಎಲ್ಲೂ ನೇತಾಡುವುದಿಲ್ಲ. ನೀರು ತುಂಬಿದ ತಂಬಿಗೆಯನ್ನು ತೋಳು ಬೀಸಿ ತಲೆಯ ಮೇಲಿಂದ ಸುತ್ತಿಸಿದರೂ ನೀರು ಚೆಲ್ಲುವುದಿಲ್ಲವಲ್ಲ, ಹಾಗೆ ಸುತ್ತಿನುದ್ದಕ್ಕೂ ಅವನ ಮೈ ಕುರ್ಚಿಗೇ ಒತ್ತಿರುತ್ತದೆ.

ಇದನ್ನು ಜಗತ್ತಿಗೆಲ್ಲ ಮನಗಾಣಿಸಿದವರು ಬಾಬ್ ಹೂವರ್. ಆಶ್‌ಕಾಶ್‌ನ ಜನ ಈಗಲೂ ಭಕ್ತಿಯಿಂದ ನೆನೆಯುವ ಹೆಸರು. ಶ್ರೈಕ್ ಕಮಾಂಡರ್ ಎಂಬ ಎರಡು ಎಂಜಿನ್ನಿನ ವಿಮಾನವನ್ನು ರೋಲ್ ಮಾಡಿಸುತ್ತಲೇ ಹೂಜಿಯಿಂದ ಲೋಟಕ್ಕೆ ತಣ್ಣನೆಯ ಟೀ ಸುರಿಯುತ್ತಿದ್ದರು. ಕಿಟಕಿಯಲ್ಲಿ ಭೂಮಿ ಮೇಲೇರಿ ಆಕಾಶ ಕೆಳಗಿಳಿದರೂ ಟೀ ಲೋಟದೊಳಕ್ಕೇ ಬೀಳುತ್ತಿತ್ತು. ಎರಡೂ ಎಂಜಿನ್ ಆರಿಸಿ, ಲೂಪ್ ಹಾಕಿ, ಎಂಟು ಕಡೆ ನಿಲ್ಲಿಸುವ ರೋಲ್ ಮಾಡಿ, ಹಾಗೇ ಇಳಿದು ಬರುವುದು ಅವರ ಇನ್ನೊಂದು ಹೆಸರಾಂತ ಪ್ರದರ್ಶನ. 2016ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹೂವರ್ ಅವರ ಆ ಪ್ರದರ್ಶನಗಳಿಗೂ ಹಿಂದೆ, 1955ರ ಆಗಸ್ಟ್ 7ರಂದು, ಸಿಯಾಟಲ್‌ನ ಲೇಕ್ ವಾಷಿಂಗ್ಟನ್ ಮೇಲೆ ಟೆಕ್ಸ್ ಜಾನ್‌ಸ್ಟನ್ ಎಂಬ ಟೆಸ್ಟ್ ಪೈಲಟ್ ಬೋಯಿಂಗ್ ಕಂಪನಿಯ ನಾಲ್ಕು ಎಂಜಿನ್ನಿನ ಜೆಟ್ ವಿಮಾನದ ಮೊದಲ ಮಾದರಿಯನ್ನೇ ಬ್ಯಾರೆಲ್ ರೋಲ್ ಮಾಡಿಸಿದ್ದರು. ಒಳಗಿನಿಂದ ತೆಗೆದ ಫೋಟೊದಲ್ಲಿ ಎಂಜಿನ್‌ಗಳು ರೆಕ್ಕೆಯ ಮೇಲೆ ಕೂತಂತೆಯೂ ನೆಲ ಅದರಾಚೆ ತೂಗಿದಂತೆಯೂ ಕಾಣುತ್ತದೆ. ರೋಲ್ ಸರಿಯಾಗಿದ್ದರೆ ತಾನು ತಲೆಕೆಳಗಾದದ್ದು ವಿಮಾನದ ಮೈಗೆ ತಿಳಿಯುವುದೇ ಇಲ್ಲ.

ಕೊನೆಯದು ಸ್ನ್ಯಾಪ್ ರೋಲ್. ವಿಮಾನ ನೇರವಾಗಿ ಹೋಗುತ್ತಿದ್ದದ್ದು ಒಮ್ಮೆಲೇ ಬೆಚ್ಚಿದಂತೆ ಮೂತಿ ಎತ್ತಿ ಪಕ್ಕಕ್ಕೆ ಸೆಳೆಯಿತು, ಕಣ್ಣು ಹಿಡಿಯುವಷ್ಟರಲ್ಲಿ ಒಂದು ಸುತ್ತು ಮುಗಿದೇ ಹೋಗಿತ್ತು. ಎಂಜಿನ್ನಿನ ದನಿ ಒಂದು ಕ್ಷಣ ಒಡೆಯಿತು. ಆ ಜಾಗದಲ್ಲಿ ಹೊಗೆ ಮುದ್ದೆಗಟ್ಟಿತ್ತು. ಇದರಲ್ಲಿ ತಿರುಗಿಸುವುದು ಏಲರಾನ್ ಅಲ್ಲವೇ ಅಲ್ಲ. ಸ್ಟಿಕ್ಕನ್ನು ರಪ್ಪನೆ ಎಳೆದು ರಡ್ಡರ್ ಒತ್ತಿದಾಗ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸ್ಟಾಲ್ ಆಗುತ್ತದೆ, ಅಂದರೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ. ಒಂದು ರೆಕ್ಕೆ ಸೋತು, ಇನ್ನೊಂದು ಎತ್ತುತ್ತಲೇ ಇರುವಾಗ ವಿಮಾನ ತಾನೇ ತಾನಾಗಿ ಸುತ್ತತೊಡಗುತ್ತದೆ. ಗಿರಕಿ ಹೊಡೆಯುತ್ತ ನೆಲಕ್ಕೆ ಬೀಳುವ ಸ್ಪಿನ್ ಇದೆಯಲ್ಲ, ಇದು ಅದೇ, ಅಡ್ಡಡ್ಡಲಾಗಿ. ಪೈಲಟ್‌ಗಳು ಎಲ್ಲಕ್ಕಿಂತ ಹೆಚ್ಚು ಹೆದರುವ ಸ್ಥಿತಿಯನ್ನು ಬೇಕೆಂದೇ ಕರೆದು, ಒಂದೇ ಸುತ್ತು ತಿರುಗಿಸಿ, ಹೇಳಿದ ಜಾಗದಲ್ಲಿ ನಿಲ್ಲಿಸಿ ಕಳಿಸುವುದು. ವೇಗ ಮಿತಿಯೊಳಗಿರಬೇಕು, ಇಲ್ಲವಾದರೆ ವಿಮಾನದ ಮೈ ತಾಳದು.

ಇದರಲ್ಲಿ ಸಾವಿನ ಮಾತೂ ಇದೆ, ಅದನ್ನು ಭಾವ ಮುಚ್ಚಿಡಲಿಲ್ಲ. ರೋಲಿನ ನಡುವೆ ಮೂತಿ ಕುಸಿದರೆ ಹೆದರಿದ ಕೈ ಸ್ಟಿಕ್ಕನ್ನು ಎಳೆಯುತ್ತದೆ. ಬೋರಲಾಗಿರುವಾಗ ಎಳೆದರೆ ವಿಮಾನ ನೇರ ನೆಲಕ್ಕೆ ಧಾವಿಸುತ್ತದೆ. ಎಳೆಯದೆ ರೋಲನ್ನು ಪೂರ್ತಿ ಮಾಡಬೇಕು, ಆಮೇಲೆ ಎಳೆಯಬೇಕು. ಆ ಹುಟ್ಟುಗುಣವನ್ನು ಮೈಯಿಂದ ಕಳೆಯಲೆಂದೇ ಗುರು ಪಕ್ಕದಲ್ಲಿ ಕೂತು ಬಹಳ ಎತ್ತರದಲ್ಲಿ ಕಲಿಸುತ್ತಾರೆ. ವಿಶೇಷ ಅನುಮತಿ ಇಲ್ಲದೆ 1,500 ಅಡಿಗಿಂತ ಕೆಳಗೆ ಕಸರತ್ತು ಮಾಡಕೂಡದೆಂದು ಈ ದೇಶದ ಕಾನೂನು. ಪ್ರದರ್ಶನದ ಪೈಲಟ್‌ಗಳು ಆ ಎತ್ತರದಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತ, ಪ್ರತಿ ಹಂತದಲ್ಲೂ ಪರೀಕ್ಷೆ ಕೊಟ್ಟು, ವರ್ಷಗಟ್ಟಲೆ ದುಡಿದು ನೆಲದ ಹತ್ತಿರಕ್ಕೆ ಬಂದವರು.

ವಿಷಯ ಬಿಡಿಸಿ ಹೇಳಿದರೆ ಬೆರಗು ಆರಿಹೋಗುತ್ತದೆ ಎಂದು ಕೆಲವರು ಅನ್ನುತ್ತಾರೆ. ಆಶ್‌ಕಾಶ್ ನನಗೆ ಅದರ ತದ್ವಿರುದ್ಧ ತೋರಿಸಿತು. ಏನೂ ತಿಳಿಯದೆ ನೋಡಿದಾಗ ನಾಲ್ಕೂ ರೋಲ್ ಒಂದೇ ಬಗೆಯ ಗಿರಕಿ. ಮೂತಿ, ಹಾದಿ, ಮೊದಲು-ಕೊನೆ ನೋಡಲು ಕಲಿತ ಮೇಲೆ ನಾಲ್ಕು ಬೇರೆ ಬೇರೆ ಧೈರ್ಯಗಳು ಕಂಡವು. ಕಣ್ಣಿಗೆ ಕಲಿಸಿದಷ್ಟೂ ಆಕಾಶ ಹೆಚ್ಚು ಕೊಡುತ್ತದೆ.

ಇದಕ್ಕಾಗಿ ವಿಸ್ಕಾನ್ಸಿನ್‌ವರೆಗೆ ಹೋಗಲೇಬೇಕೆಂದಿಲ್ಲ. ನಮ್ಮ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್ 1996ರಲ್ಲಿ ಬೀದರಿನಲ್ಲಿ ಹುಟ್ಟಿತು. ಮೊದಲು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಲ್ಲಿ ಹಾರಿತು, ಈಗ ಹಾಕ್ ಜೆಟ್‌ಗಳಲ್ಲಿ ಹಾರುತ್ತಿದೆ. ಯಲಹಂಕದ ಏರೋ ಇಂಡಿಯಾದಲ್ಲಿ ಒಂಬತ್ತು ವಿಮಾನಗಳು ಅಂಟಿಕೊಂಡಂತೆ ಮಗುಚುವುದನ್ನು ಲಕ್ಷಾಂತರ ಜನ ನೋಡಿದ್ದಾರೆ. ಅಂಥ ಗುಂಪು ಮಗುಚಲು ಬ್ಯಾರೆಲ್ ರೋಲಿನ ಅಗಲವಾದ, ನಯವಾದ ಹಾದಿಯೇ ಬೇಕು. ನಾಯಕನ ಸುತ್ತು ಚಿಕ್ಕದು, ಹೊರಗಿನವನದು ದೊಡ್ಡದು. ಹೊರ ಅಂಚಿನ ಪೈಲಟ್ ಮೇಲಕ್ಕೇರಿ ಇಳಿದು ಹೆಚ್ಚು ದೂರ ಹಾರುತ್ತಲೇ, ದಿಗಂತವನ್ನೂ ನೆಲವನ್ನೂ ಮರೆತು, ನಾಯಕನ ವಿಮಾನವೊಂದನ್ನೇ ನೋಡುತ್ತ, ಒಳಗಿನವನಷ್ಟೇ ಅಂತರ ಕಾಯ್ದುಕೊಳ್ಳಬೇಕು. ಮುಂದಿನ ಸಲ ಯಲಹಂಕಕ್ಕೆ ಹೋದಾಗ ಮೊಬೈಲನ್ನು ಜೇಬಿಗಿಟ್ಟು, ಗುಂಪಿನ ತುದಿಯಲ್ಲಿರುವ ಆ ಒಬ್ಬನನ್ನು ಆರಿಸಿಕೊಳ್ಳಿ. ರೋಲ್ ಶುರುವಾದಲ್ಲಿಂದ ಮುಗಿಯುವವರೆಗೆ ಅವನ ಮೇಲಿಂದ ಕಣ್ಣು ತೆಗೆಯಬೇಡಿ. ಪಕ್ಕದಲ್ಲಿ ಮಗುವಿದ್ದರೆ ಅದಕ್ಕೂ ತೋರಿಸಿ, ಏನು ನಡೆಯುತ್ತಿದೆ ಎಂದು ಹೇಳಿ. ಆಮೇಲೆ ಚಪ್ಪಾಳೆ ತಟ್ಟಿ. ಯಾತಕ್ಕೆ ತಟ್ಟುತ್ತಿದ್ದೀರಿ ಎಂದು ನಿಮ್ಮಿಬ್ಬರಿಗೂ ಗೊತ್ತಿರುತ್ತದೆ.